ಮ್ಯಾಚ್ ಆಗದ ಕವರು

ಮೊನ್ನೆ ಕರೆಂಟ್ ಬಿಲ್ ಹುಡುಕಲು ಮೇಜಿನ ಖಾನೆ ಎಳೆದೆ. ಬಿಲ್ ಸಿಗಲಿಲ್ಲ, ಮೂರು ಹಾಳಾದ ಕವರುಗಳು ಸಿಕ್ಕಿದವು. ಮಗಳ ಮದುವೆ ಕಾಗದದ ಕವರುಗಳು. ಒಂದರಲ್ಲಿ ಅರ್ಧ ಹೆಸರು ಬರೆದು ಹೊಡೆದು ಹಾಕಿದೆ. ಇನ್ನೊಂದರಲ್ಲಿ ಸಾಲು ಗುಡ್ಡೆ ಹತ್ತಿಕೊಂಡು ಹೋಗಿದೆ. ಮೂರನೆಯದರ ಮೇಲೆ ಹಸಿ ಶಾಯಿಗೆ ಅಂಗೈ ಇಟ್ಟ ಗುರುತು. ಅಕ್ಷರ ಯಾರದೆಂದು ಕೇಳಬೇಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರ ಅಕ್ಷರ ಅದು. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಓದುತ್ತಿರಲಿಲ್ಲ, ಊಹಿಸುತ್ತಿದ್ದರು. ಊಹಿಸಿಯೇ ಕೆಲವರು ಡಾಕ್ಟರೂ ಆಗಿದ್ದಾರೆ.

ಬಿಸಾಡೋಣವೆಂದು ಕವರುಗಳನ್ನು ಹೊರಗೆ ತೆಗೆದೆ. ಮತ್ತೆ ಅಲ್ಲಿಯೇ ಇಟ್ಟೆ. ನಮ್ಮ ಮನೆಯಲ್ಲಿ ಮದುವೆ ಕಾಗದ ಬಿಸಾಡುವ ಕ್ರಮ ಮೊದಲಿನಿಂದಲೂ ಇಲ್ಲ.

ಯಡ್ತರೆಯ ನಮ್ಮ ಹಳೆ ಮನೆಯ ಜಗಲಿಯಲ್ಲಿ ಒಂದು ತಂತಿ ನೇತಾಡುತ್ತಿತ್ತು. ಮೇಲೆ ಕೊಕ್ಕೆ, ಕೆಳಗೆ ಮರದ ಬಿಲ್ಲೆ. ಬಂದ ಕಾಗದವನ್ನೆಲ್ಲ ಓದಿ ಅದಕ್ಕೆ ಚುಚ್ಚುವುದು. ಅದರಲ್ಲಿ ಹೆಚ್ಚಿನವು ಮದುವೆ ಕಾಗದಗಳೇ. ಕೆಲವು ಗುಲಾಬಿ, ಕೆಲವು ಹಳದಿ. ಮೂರನೆಯ ಬಣ್ಣ ಇದೆಯೆಂದು ಆಗಿನ ಪ್ರೆಸ್ಸಿನವರಿಗೆ ಗೊತ್ತೇ ಇರಲಿಲ್ಲವೋ ಏನೋ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು 'ಮದುವೆ ಕಾಗದ ಆರಿಸಿ ನೋಡು' ಎನ್ನದೆ ಬಿಟ್ಟದ್ದು ಇದೇ ಕಾರಣಕ್ಕಿರಬೇಕು.

ಮದುವೆ ಮುಗಿದ ಮೇಲೆ ಆ ಕಾಗದಕ್ಕೆ ಎರಡನೆಯ ಆಯುಷ್ಯ ಶುರು. ಅಮ್ಮ ಅದರ ಬೆನ್ನಿಗೆ ಅಂಗಡಿ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು. ಅಂಗಡಿಯವ ಒಂದು ಕಡೆ ಉದ್ದು, ಮೆಂತೆ, ಸೀಮೆಎಣ್ಣೆ ಎಂದು ಓದಿ, ಕಾಗದ ತಿರುಗಿಸಿ, "ಹೋ, ಇವ್ರ ಮದಿ ಆಯ್ತಾ?" ಎಂದು ಕೇಳುತ್ತಿದ್ದ. ನಾನು ಕಾಗದದ ತಲೆಯಲ್ಲಿದ್ದ ಗಣಪತಿಯನ್ನು ಕತ್ತರಿಸಿ ಅನ್ನದ ಅಗುಳಿನಿಂದ ಶಾಲೆಯ ಪುಸ್ತಕಗಳಿಗೆ ಅಂಟಿಸುತ್ತಿದ್ದೆ. ಗಣಿತದ ಪುಸ್ತಕಕ್ಕೆ ಹೆಚ್ಚು ಗಣಪತಿ. ಅಲ್ಲಿ ಅವನ ಅಗತ್ಯ ಹೆಚ್ಚಿತ್ತು. ಆರನೆಯ ವಯಸ್ಸಿನಲ್ಲಿ ಚಿಕ್ಕಪ್ಪನ ಮದುವೆ ಕಾಗದದ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ನನ್ನ ಹೆಸರು ಮೊದಲ ಬಾರಿ ಅಚ್ಚಾಯಿತು. ಆ ಕಾಗದ ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಗುವವರೆಗೂ ನನ್ನ ಚೀಲದಲ್ಲಿತ್ತು.

ಆದರೆ ಕಾಗದ ಯಾವ ಬಣ್ಣದ್ದೇ ಆಗಲಿ, ನಮ್ಮ ಮನೆಯಿಂದ ಹೊರಟ ಮದುವೆ ಕಾಗದವನ್ನು ಜನ ಮೊದಲು ಓದುತ್ತಿದ್ದದ್ದು ಹೊರಗಿನಿಂದ. ಕವರಿನ ಮೇಲಿನ ಅಕ್ಷರ ನನ್ನ ಅಪ್ಪನ ತಂಗಿ ಗಿರಿಜೆಯದು. ನಾವು ಮಕ್ಕಳು ಅವಳನ್ನು ಸಣ್ಣತ್ತೆ ಎನ್ನುತ್ತಿದ್ದೆವು, ಈಗಲೂ ಅನ್ನುತ್ತೇವೆ. ಓದಿದ್ದು ಏಳನೆಯ ತರಗತಿ. ಅಕ್ಷರ ಮಾತ್ರ ಮಲ್ಲಿಗೆ ಮೊಗ್ಗು ಸಾಲಾಗಿ ಇಟ್ಟ ಹಾಗೆ. ಕೊಂಬು, ದೀರ್ಘ, ಒತ್ತು ಎಲ್ಲ ತಮ್ಮತಮ್ಮ ಜಾಗದಲ್ಲಿ ನೆಟ್ಟಗೆ ಕೂತಿರುತ್ತಿದ್ದವು. ಕುಟುಂಬದಲ್ಲಿ ಯಾರ ಮದುವೆ ನಿಶ್ಚಯವಾದರೂ ಕವರಿನ ಕಟ್ಟು ಮೊದಲು ಅವಳ ಮುಂದೆ ಬಂದು ಬೀಳುತ್ತಿತ್ತು. ಅವಳದೇ ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಅಲ್ಲಿಗೇ ನಿಂತಿತಂತೆ. ಯಾಕೆಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನಮಗೂ ಬರಲಿಲ್ಲ. ನನ್ನನ್ನು ಸಾಕಿದ್ದು ಅಮ್ಮನಿಗಿಂತ ಹೆಚ್ಚು ಅವಳೇ. ನನಗೆ ಬ್ರಹ್ಮಾವರದ ಹತ್ತಿರ ಕೆಲಸವಾಗಿ ನಾನಿಲ್ಲಿ ಮನೆ ಮಾಡಿದಾಗ ಒಂದು ಟ್ರಂಕು ಹಿಡಿದು ಜೊತೆಗೆ ಬಂದವಳು ಇಲ್ಲಿಯೇ ಉಳಿದಳು. ಈಗ ಎಪ್ಪತ್ತೆಂಟು.

ಕವರಿಗೆ ಅಷ್ಟು ಮಹತ್ವ ಯಾಕೆಂದು ನೀವು ಕೇಳಬಹುದು. ಮದುವೆಗೆ ಕರೆಯುವುದಕ್ಕೆ ನಮ್ಮ ಕಡೆ ಹೇಳಿಕೆ ಎನ್ನುತ್ತಾರೆ, ಬರೀ ಕಾಗದ ತಲುಪಿಸಿದರೆ ಹೇಳಿಕೆಯಾಗುವುದಿಲ್ಲ. ಮನೆಗೆ ಹೋಗಬೇಕು, ಕೂರಬೇಕು, ಅವರು ಕೊಟ್ಟ ಬೆಲ್ಲ ನೀರು ಮುಟ್ಟಬೇಕು, ಕುಂಕುಮ ಕೊಡಬೇಕು. ಆಮೇಲೆ ಕವರು ಕೈಗಿಟ್ಟು ಬಾಯಿ ಬಿಟ್ಟು ಹೇಳಬೇಕು: "ಮನಿಯವ್ರೆಲ್ಲ ಬರ್ಕ್." ಅವರು ಹೇಳಬೇಕು: "ಅಕ್ಕ್, ಎಲ್ಲ ಬತ್ತೊ." ಎಲ್ಲರೂ ಬರಬೇಕು, ಆಗಲಿ ಬರುತ್ತೇವೆ ಎನ್ನುವ ಈ ಎರಡು ಮಾತು ಆಗದಿದ್ದರೆ ಅವರು ಮದುವೆಗೆ ಬರುವುದಿಲ್ಲ. ಬಂದರೂ ಊಟಕ್ಕೆ ಕೂರುವುದಿಲ್ಲ. ಕೂತರೆ ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಬಾಗಿಲು ಹಾಕಿದ್ದರೆ ಕಿಟಕಿಗೆ ಸಿಕ್ಕಿಸಿ ಬರುವಂತಿಲ್ಲ, ಇನ್ನೊಂದು ದಿನ ಹೋಗಬೇಕು. ಚಿಕ್ಕಂದಿನಲ್ಲಿ ಸಣ್ಣತ್ತೆಯ ಜೊತೆ ಕುಂಕುಮದ ಭರಣಿ ಹಿಡಿದುಕೊಂಡು ಹೇಳಿಕೆಗೆ ಹೋಗಿದ್ದೇನೆ. ಹತ್ತು ಮನೆ ಮುಗಿಯುವಾಗ ಹೊಟ್ಟೆಯೊಳಗೆ ಬೆಲ್ಲ ನೀರು ಕೊಡಪಾನದಲ್ಲಿ ಅಲ್ಲಾಡಿದ ಹಾಗೆ ಅಲ್ಲಾಡುತ್ತಿತ್ತು. ಪ್ರತಿ ಮನೆಯಲ್ಲೂ ಹಿರಿಯರು ಕವರನ್ನು ದೂರ ಹಿಡಿದು ಮೊದಲು ತಮ್ಮ ಹೆಸರು ಓದಿಕೊಳ್ಳುತ್ತಿದ್ದರು. ಮುಖ ಸ್ವಲ್ಪ ಅರಳುತ್ತಿತ್ತು. ಒಳಗಿನ ಮುಹೂರ್ತ ನೋಡುವುದು ಆಮೇಲೆ.

ಹೀಗಿರುವಾಗ ಕಳೆದ ವರ್ಷ ನನ್ನ ಮಗಳು ಚೈತ್ರಳ ಮದುವೆ ನಿಶ್ಚಯವಾಯಿತು. ಚೈತ್ರ ಕುಂದಾಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹುಡುಗ ಸಿದ್ದಾಪುರದವನು, ರಬ್ಬರ್ ಸಸಿಗಳ ನರ್ಸರಿ ಇಟ್ಟುಕೊಂಡಿದ್ದಾನೆ. ನಿಶ್ಚಿತಾರ್ಥವಾದ ಮಾರನೆಯ ಬೆಳಿಗ್ಗೆಯೇ ಸಣ್ಣತ್ತೆ ನನ್ನನ್ನು ಕರೆದು ಹೇಳಿದಳು: "ಮಗಾ, ಪ್ಯಾಟಿಗ್ ಹೋದ್ರೆ ನೀಲಿ ಶಾಯಿ ಬಾಟ್ಲಿ ಒಂದ್ ತಕಂಡ್ ಬಾ. ಕಪ್ಪ್ ಬ್ಯಾಡ. ಮದಿಗೆ ಕಪ್ಪ್ ಆತಿಲ್ಲ." ನಾನು ತಂದೆ. ಅವಳು ಟ್ರಂಕಿನ ಅಡಿಯಿಂದ ಹಳೆಯ ಪೆನ್ನು ತೆಗೆದು ಬಿಸಿನೀರಿನಲ್ಲಿ ತೊಳೆದು ನಿಬ್ಬು ಒರೆಸಿಟ್ಟಳು.

ಆ ಕಡೆ ಚೈತ್ರ ಮೊಬೈಲಿನಲ್ಲಿ ಕಾಗದ ಆರಿಸುತ್ತಿದ್ದಳು. ಈಗ ಕಾಗದ ಒಂದನ್ನೇ ಆರಿಸುವಂತಿಲ್ಲವಂತೆ, ಸೆಟ್ ಆರಿಸಬೇಕು. ಕಾಗದ, ಕವರು, ಸಿಹಿ ಹಾಕಿ ಕೊಡುವ ಪೆಟ್ಟಿಗೆ, ಪೆಟ್ಟಿಗೆಗೆ ಕಟ್ಟುವ ಟ್ಯಾಗು, ಮದುವೆ ಮಂಟಪದ ಬಾಗಿಲಲ್ಲಿ ಇಡುವ ಸ್ವಾಗತದ ಬೋರ್ಡು, ಎಲ್ಲವೂ ಒಂದೇ ಬಣ್ಣ, ಒಂದೇ ಹೂವಿನ ಬಳ್ಳಿ. ನನಗೆ ಇಪ್ಪತ್ತು ಮಾದರಿ ತೋರಿಸಿದಳು. ಎಲ್ಲದಕ್ಕೂ "ಲಾಯ್ಕಿತ್ತ್" ಎಂದು ಮೆಚ್ಚಿದೆ. ಇಪ್ಪತ್ತೊಂದನೆಯದಕ್ಕೂ "ಲಾಯ್ಕಿತ್ತ್" ಎಂದಾಗ, "ಅಪ್ಪಯ್ಯ, ಅದ್ ಜಾಹೀರಾತ್" ಎಂದು ಮೊಬೈಲು ಕಿತ್ತುಕೊಂಡಳು.

ಕೊನೆಗೆ ಕುಂದಾಪುರದ ಪ್ರೆಸ್ಸಿನಿಂದ ಒಂದು ಮಾದರಿ ಸೆಟ್ ಮನೆಗೆ ಬಂತು. ದಟ್ಟ ಕುಂಕುಮದ ಬಣ್ಣ, ಮೇಲೆ ಚಿನ್ನದ ಬಳ್ಳಿ. ಕವರು ಎಷ್ಟು ನುಣುಪೆಂದರೆ ಕೈಯಿಂದ ಜಾರುತ್ತಿತ್ತು. ನನ್ನ ಹೆಂಡತಿ ವಾರಿಜ ಅದರಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಂಡಳು. ಸಣ್ಣತ್ತೆ ಕವರನ್ನು ಆಚೆ ಈಚೆ ತಿರುಗಿಸಿ, "ಚೆಂದ ಇತ್ತ್ ಹೆಣೆ. ಮದಿ ಸೀರಿ ಬಣ್ಣವೇ" ಎಂದು ಚೈತ್ರಳಿಗೆ ಹೇಳಿದಳು.

"ಸಣ್ಣಜ್ಜಿ, ಈ ಸಲ ನೀವ್ ಆರಾಮಲ್ಲಿ ಕೂಕಣಿ" ಎಂದಳು ಚೈತ್ರ. "ಹೆಸ್ರೆಲ್ಲ ಕಂಪ್ಯೂಟರಲ್ಲೇ ಹಾಕಿದೆ. ಚಿನ್ನದ ಬಣ್ಣದಲ್ಲಿ ಪ್ರಿಂಟ್ ಮಾಡಿ ಅಂಟ್ಸುದೇ. ನಿಮ್ಗೆ ಕೈ ನೋವ್ ಬಪ್ದ್ ಬ್ಯಾಡ."

ಹುಡುಗಿ ಪ್ರೀತಿಯಿಂದಲೇ ಹೇಳಿದ್ದು. ಎರಡು ವರ್ಷದಿಂದ ಸಣ್ಣತ್ತೆಯ ಕೈ ಬೆಳಗಿನ ಕಾಫಿಯ ತನಕ ಸಣ್ಣಗೆ ನಡುಗುತ್ತದೆ. ಅವಳಿಗೆ ಔಷಧಿಯ ಮುಚ್ಚಳ ತೆಗೆದುಕೊಡುವವಳು ಚೈತ್ರಳೇ.

"ಹೌದೌದ್" ಎಂದಳು ಸಣ್ಣತ್ತೆ. "ಈಗ್ ಎಲ್ಲ ಹಾಂಗೇ ಅಲ್ದಾ." ಎದ್ದು ಒಳಗೆ ಹೋದಳು. ಶಾಯಿ ಬಾಟ್ಲಿ ಕಿಟಕಿಯ ದಂಡೆಯ ಮೇಲೆ ಮುಚ್ಚಳ ಬಿಚ್ಚದೆ ಕೂತಿತ್ತು. ಅದನ್ನು ನೋಡಿದವ ನಾನೊಬ್ಬನೇ.

ಆಗಲೇ ಬಾಯಿ ಬಿಡಬೇಕಿತ್ತು. ನಾನು ಬಿಡಲಿಲ್ಲ. ಹೆಂಡತಿ, ಮಗಳು, ಅತ್ತೆ ಈ ಮೂವರ ನಡುವೆ ಬದುಕುವ ಗಂಡಸು ಬಾಯಿಗಿಂತ ಕಾಲನ್ನು ಹೆಚ್ಚು ಉಪಯೋಗಿಸುತ್ತಾನೆ. ಪೇಟೆಗೆ ಹೋಗಿ ಬೆಳ್ಳಿ ಬಣ್ಣದ ಪೆನ್ನು ಒಂದು, ಬಿಳಿ ಮಾರ್ಕರ್ ಒಂದು ತಂದೆ. ಮಾದರಿ ಕವರಿನ ಮೇಲೆ ಕದ್ದು ಪ್ರಯೋಗ ಮಾಡಿದೆ. ಬೆಳ್ಳಿ ಶಾಯಿ ಹನಿಗಟ್ಟಿ ನಿಂತಿತು. ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಬೆರಳಿಗೆ ಬಂತು. ಕೆಸುವಿನ ಎಲೆಯ ಮೇಲೆ ನೀರು ಯಾಕೆ ನಿಲ್ಲುವುದಿಲ್ಲವೆಂದು ವರ್ಷ ವರ್ಷವೂ ಪಾಠ ಮಾಡಿದವ ನಾನೇ. ಆದರೂ ನನ್ನ ಮನೆಯ ಮಟ್ಟಿಗೆ ಒಂದು ವಿನಾಯಿತಿ ಸಿಗಬಹುದೆಂದು ಆಸೆ.

"ಎಂತ ಮಾಡ್ತಿದ್ಯಾ?" ಎಂದು ಹಿಂದಿನಿಂದ ಸಣ್ಣತ್ತೆಯ ಸ್ವರ.

"ಎಂತದಿಲ್ಲೆ" ಎಂದು ಕವರನ್ನು ಪೇಪರಿನ ಅಡಿಗೆ ತಳ್ಳಿದೆ.

"ಆ ಕವರಿಗ್ ಎಂತ ಬರದ್ರೂ ನಿಲ್ಲುದಿಲ್ಲ ಮಗಾ. ನೀ ಪ್ಯಾಟಿಗ್ ಹೋದಾಗ ನಾನೂ ಬರ್ದ್ ಕಂಡಿದೆ. ಮೂಲಿಗೆ ಅರಿಶಿನ ಹಚ್ಚಿದ್ರೆ ಅದೂ ಹಿಡಿತಿಲ್ಲ." ಪಕ್ಕದ ಕುರ್ಚಿಯಲ್ಲಿ ಕೂತಳು. "ನಿನ್ನಪ್ಪಯ್ಯನ ಮದಿಯಿಂದ ಬರುಕೆ ಸುರು ಮಾಡಿದ್ದ್. ನಿನ್ನ ಮದಿದ್ ಬರದೆ. ನಿನ್ನ ಮಗಳದ್ದೊಂದ್ ಬರದ್ ಪೆನ್ ಮುಚ್ಚಿ ಇಡುವ ಅಂದೇಳಿ ಇತ್ತ್. ಇರ್ಲಿ. ಅವಳ ಹತ್ರ ಎಂತದೂ ಹೇಳುಕ್ ಹೋಯ್ಬೇಡ. ಮದಿ ಅವಳದ್ದ್. ಅವಳಿಗ್ ಬೇಕಾದಾಂಗ್ ಆಯ್ಲಿ."

ಹೇಳಬೇಡ ಎಂದವಳ ಮುಖ ನೋಡಿದ ಮೇಲೆ ಹೇಳದೆ ಇರುವುದು ಕಷ್ಟವಾಯಿತು.

ಹೇಳಿದ್ದು ಮಾತ್ರ ನನ್ನ ಸ್ವಭಾವಕ್ಕೆ ತಕ್ಕ ಹಾಗೆ, ಬೆನ್ನ ಹಿಂದಿನಿಂದ. ಕಾಗದ ಅಚ್ಚಿಗೆ ಕೊಡುವ ಮೊದಲು ಕೊನೆಯ ಸಲ ನೋಡಿ ಒಪ್ಪಿಗೆ ಕೊಡಲೆಂದು ನಾನೂ ಚೈತ್ರಳೂ ಅವಳ ಸ್ಕೂಟರಿನಲ್ಲಿ ಕುಂದಾಪುರಕ್ಕೆ ಹೊರಟಿದ್ದೆವು. ಸಾಸ್ತಾನದ ಟೋಲ್ ಹತ್ತಿರ ಲಾರಿಗಳ ನಡುವೆ ಸ್ಕೂಟರು ನಿಧಾನವಾಯಿತು. ಮುಖ ನೋಡುವ ತಾಪತ್ರಯವಿಲ್ಲ, ಎದುರಿಗೆ ಇದ್ದದ್ದು ಹೆಲ್ಮೆಟ್. ಶಾಯಿ ಬಾಟ್ಲಿಯಿಂದ ಹಿಡಿದು ಬೆಳ್ಳಿ ಪೆನ್ನಿನವರೆಗೆ ಎಲ್ಲ ಹೇಳಿದೆ. ಅವಳು ತಿರುಗಲೂ ಇಲ್ಲ. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಈ ಸಲ ಪಕ್ಕದ ಲಾರಿಯ ಡ್ರೈವರನಿಗೂ ನಮ್ಮ ಮನೆಯ ಕಥೆ ತಿಳಿಯಿತು.

ಟೋಲ್ ದಾಟಿ ಅವಳು ಸ್ಕೂಟರನ್ನು ಬದಿಗೆ ನಿಲ್ಲಿಸಿದಳು. "ಕೇಂಡಿತ್ ಅಪ್ಪಯ್ಯ. ಮೊದಲ್ನೇ ಸಲವೇ ಕೇಂಡಿತ್." ಹೆಲ್ಮೆಟ್ಟಿನ ಗಾಜು ಎತ್ತಿದಾಗ ಕಣ್ಣು ಕೆಂಪಾಗಿತ್ತು. "ನಾ ಅವ್ರಿಗೆ ಕಷ್ಟ ಆತ್ತ್ ಅಂದೇಳಿ ಮಾಡಿದ್ದ್. ಅವ್ರ್ ಒಂದ್ ಮಾತ್ ಹೇಳುದಲ್ದಾ? ನೀವಾದ್ರೂ ಹೇಳುದಲ್ದಾ? ಇನ್ನ್ ಅಚ್ಚಾಯ್ ಬಂದಿರೆ ಎಂತ ಮಾಡುದಿತ್ತ್?"

ಅವಳು ಗಾಜು ಇಳಿಸಿ ಸ್ಕೂಟರನ್ನು ಮತ್ತೆ ಕುಂದಾಪುರದ ಕಡೆ ಓಡಿಸಿದಳು.

ಪ್ರೆಸ್ಸಿನವರಿಗೆ ವಿಷಯ ತಿಳಿದಾಗ ನಿಜವಾಗಿಯೂ ಬೇಜಾರಾಯಿತು. "ಹ್ವಾಯ್ ಮೇಷ್ಟ್ರೆ, ಇಡೀ ಸೆಟ್ಟೇ ಹಾಳಾತ್ತಲೆ! ಕಾಗ್ದ, ಟ್ಯಾಗ್, ಪೆಟ್ಟಿಗಿ ಎಲ್ಲ ಒಂದೇ ಬಣ್ಣ. ಕವರ್ ಮಾತ್ರ ಬ್ಯಾರೆ ಅಂದ್ರೆ ಕಂಡವ್ರ್ ಎಂತ ಹೇಳ್ತ್ರ್? ಮ್ಯಾಚ್ ಆಯ್ಕಲೆ?"

"ಮ್ಯಾಚ್ ಆಪ್ದ್ ಬ್ಯಾಡ" ಎಂದಳು ಚೈತ್ರ. "ಶಾಯಿ ಪೆನ್ನಲ್ಲ್ ಬರೂಕ್ ಆಪ್ದ್ ಯಾವ್ದಿತ್ತ್, ತೋರ್ಸಿ."

ಅವರು ಕಾಗದದ ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹಾಕಿದರು. ಇವಳು ತನ್ನ ಬ್ಯಾಗಿನಿಂದ ಪೆನ್ನು ತೆಗೆದಳು. ನೋಡಿದರೆ ಸಣ್ಣತ್ತೆಯದೇ ಪೆನ್ನು! ಹೊರಡುವ ಮೊದಲೇ ಎತ್ತಿಕೊಂಡಿದ್ದಳೋ ಎಂದು ಒಂದು ಕ್ಷಣ ಅನಿಸಿತು. ಅಲ್ಲ, ಅಂಥದೇ ಇನ್ನೊಂದು. ಕಳೆದ ಹುಟ್ಟುಹಬ್ಬಕ್ಕೆ ಸಣ್ಣತ್ತೆಯೇ ಕೊಟ್ಟದ್ದಂತೆ, ಒಂದು ದಿನವೂ ಬರೆದಿರಲಿಲ್ಲವಂತೆ. ಅಲ್ಲಿಯೇ ಶಾಯಿ ತುಂಬಿಸಿ ಪ್ರತಿ ತುಂಡಿನ ಮೇಲೂ 'ಗಿರಿಜ, ಗಿರಿಜ' ಎಂದು ಬರೆದು ನೋಡಿದಳು. ಒಂದರಲ್ಲಿ ಹರಡಿತು, ಒಂದರಲ್ಲಿ ನಿಬ್ಬು ಸಿಕ್ಕಿಕೊಂಡಿತು. ಕೊನೆಗೆ ಕೆನೆ ಬಣ್ಣದ, ಸ್ವಲ್ಪ ಒರಟಾದ ಒಂದು ಕಾಗದ ಸಿಕ್ಕಿತು. ಅರಿಶಿನವೂ ಅದಕ್ಕೆ ಚೆನ್ನಾಗಿ ಹಿಡಿಯುವಂತಿತ್ತು.

ಕವರಿನ ಕಟ್ಟು ಮನೆಗೆ ಬಂದ ದಿನ ಚೈತ್ರ ಅದನ್ನು ಸಣ್ಣತ್ತೆಯ ಮುಂದಿಟ್ಟು, "ಸಣ್ಣಜ್ಜಿ, ಪ್ರೆಸ್ಸಲ್ಲ್ ಹೆಸ್ರ್ ಪ್ರಿಂಟ್ ಮಾಡೂಕೆ ಆತಿಲ್ಲ ಅಂದ್ರ್. ಮಷಿನ್ ಹಾಳಾಯ್ತ್ ಅಂಬ್ರ್. ಇನ್ನ್ ನೀವೇ ಗತಿ" ಎಂದಳು.

ಸಣ್ಣತ್ತೆ ಒಂದು ಕವರು ಎತ್ತಿ ಹೆಬ್ಬೆರಳಿನಿಂದ ಸವರಿದಳು. ನನ್ನ ಮುಖ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ. "ಇಷ್ಟ್ ಕಲ್ತೆ, ಸುಳ್ ಹೇಳುಕ್ ಮಾತ್ರ ಕಲೀಲಿಲ್ಲ ಕಾಣ್ ನೀನ್" ಎಂದು ಚೈತ್ರಳ ಕೆನ್ನೆ ಹಿಂಡಿ, "ಆ ಬಾಟ್ಲಿ ತಕಂಡ್ ಬಾ" ಎಂದಳು.

ಬರೆಯುವ ಕೆಲಸ ಹತ್ತು ಹನ್ನೆರಡು ದಿನ ನಡೆಯಿತು. ಬೆಳಗಿನ ಕಾಫಿಯಾಗಿ ಕೈ ಹದಕ್ಕೆ ಬಂದ ಮೇಲೆ ಶುರು, ಊಟದ ಹೊತ್ತಿಗೆ ನಿಲುಗಡೆ. ಚೈತ್ರ ಕಂಪ್ಯೂಟರಿನ ಪಟ್ಟಿ ಓದಲು ಕೂತಳು. ಸಣ್ಣತ್ತೆ ಎರಡನೆಯ ಹೆಸರಿಗೇ ತಡೆದಳು. ಅವಳ ಪಟ್ಟಿ ಅಕ್ಷರಮಾಲೆಯ ಕ್ರಮದಲ್ಲಿರಲಿಲ್ಲ, ದಾರಿಯ ಕ್ರಮದಲ್ಲಿತ್ತು. ಬೈಂದೂರಿನಲ್ಲಿ ಬಸ್ಸಿಳಿದರೆ ಮೊದಲು ಸಿಗುವ ಮನೆ ಯಾವುದು, ಅಲ್ಲಿಂದ ತೋಡು ದಾಟಿದರೆ ಯಾವುದು, ಹೀಗೆ ಯಡ್ತರೆ ಮುಗಿಸಿ ಕುಂದಾಪುರಕ್ಕೆ ಬಂದು ಹೆದ್ದಾರಿ ಹಿಡಿದು ಬ್ರಹ್ಮಾವರದ ತನಕ. ಕಣ್ಣು ಅರ್ಧ ಮುಚ್ಚಿ ಮನಸ್ಸಿನಲ್ಲೇ ಮನೆಯಿಂದ ಮನೆಗೆ ನಡೆಯುತ್ತಿದ್ದಳು, ಚೈತ್ರ ಅದೇ ಕ್ರಮದಲ್ಲಿ ಹೊಸ ಪಟ್ಟಿ ಬರೆದುಕೊಳ್ಳುತ್ತಿದ್ದಳು. "ಆ ಮನಿಗೆ ಎರ್ಡ್ ಕವರ್ ಬೇಕ್. ಅಂಗಳ ಒಂದೇ, ಒಲಿ ಎರ್ಡ್." "ಇವ್ರಿಗ್ ಹೆಂಡ್ತಿ ಹೆಸ್ರಲ್ಲೇ ಬರೆ. ಅಲ್ಲಿ ಯಜಮಾನ್ಕಿ ಅವ್ರದ್ದೇ." ಹೆಸರಿನ ಕೆಳಗೆ ಎಲ್ಲದರಲ್ಲೂ ಒಂದೇ ಸಾಲು: 'ಮತ್ತು ಮನೆಯವರಿಗೆ'. ಅಕ್ಷರ ಮೊದಲಿನಷ್ಟು ನೆಟ್ಟಗಿರಲಿಲ್ಲ. ದೀರ್ಘಗಳ ಬಾಲ ಅಲ್ಲಲ್ಲಿ ನಡುಗಿತ್ತು. ಅವಳಿಗೆ ಅದು ಕಾಣುತ್ತಿತ್ತು. ಒಂದೊಂದು ಕವರನ್ನು ದೂರ ಹಿಡಿದು ನೋಡಿ, "ಮುಪ್ಪಾಯ್ತ್, ಎಂತ ಮಾಡುದ್" ಎಂದು ಬದಿಗಿಟ್ಟು ಮುಂದಿನದು ಎತ್ತುತ್ತಿದ್ದಳು.

ನಾನೂ ವಾರಿಜಳೂ ಹೇಳಿಕೆಗೆ ಹೊರಟದ್ದು ಆ ದಾರಿಯ ಪಟ್ಟಿ ಹಿಡಿದುಕೊಂಡೇ. ಕೆನೆ ಬಣ್ಣದ ಕವರಿನೊಳಗಿಂದ ಕುಂಕುಮ ಬಣ್ಣದ ಕಾಗದ ಹೊರಬಂದಾಗ ಇದು ಮ್ಯಾಚ್ ಆಗುವುದಿಲ್ಲವೆಂದು ಯಾರೂ ಅನ್ನಲಿಲ್ಲ. ಯಡ್ತರೆಯಲ್ಲಿ ಒಬ್ಬ ಮುದುಕರು ಕವರಿನ ಮೇಲೆ ಕೈಯಾಡಿಸಿ, "ಇದ್ ಗಿರಿಜಕ್ಕನ ಅಕ್ಷರ ಅಲ್ದಾ? ಇನ್ನೂ ಬರಿತ್ರಾ?" ಎಂದು ಕೇಳಿದರು. ಅವರ ಮದುವೆಯ ಕವರುಗಳನ್ನೂ ಬರೆದವಳು ಅವಳೇ ಅಂತೆ. ಎಲ್ಲ ಮನೆಯಲ್ಲೂ ಅದೇ ಬೆಲ್ಲ ನೀರು. ನನ್ನ ಹೊಟ್ಟೆ ಐವತ್ತು ವರ್ಷದ ಹಿಂದಿನ ಸದ್ದನ್ನು ಮತ್ತೆ ಮಾಡಿತು. ಎಲ್ಲ ಮನೆಯಲ್ಲೂ ಅದೇ ಎರಡು ಮಾತು.

ಕೊನೆಯ ದಿನ ಬ್ರಹ್ಮಾವರದ ಈಚೆಯ ಮನೆಗಳನ್ನು ಮುಗಿಸಿ, ಪಟ್ಟಿಗೆ ಗುರುತು ಹಾಕುತ್ತ ನಮ್ಮ ಗೇಟಿನ ಹತ್ತಿರ ಬಂದೆವು. ದಾರಿಯ ಪಟ್ಟಿಯಲ್ಲವೇ? ಪಕ್ಕದ ಮನೆಗೆ ಗುರುತು ಬಿದ್ದಿತ್ತು. ಮುಂದಿನ ಮನೆ ಯಾವುದೆಂದು ಅಭ್ಯಾಸಬಲದಿಂದ ತಲೆಯೆತ್ತಿದೆ. ಮುಂದಿನ ಮನೆ ನಮ್ಮದು. ಒಳಗೆ ಸಣ್ಣತ್ತೆ ಹೂ ಕಟ್ಟುತ್ತ ಕೂತಿದ್ದಳು. ಆಗ ಹೊಳೆಯಿತು. ಅಷ್ಟು ಮದುವೆಗಳ ಕವರು ಬರೆದವಳ ಹೆಸರಿಗೆ ಈ ತನಕ ಒಂದು ಕವರು ಬಂದಿಲ್ಲ. ಮನೆಯಲ್ಲೇ ಇರುವವಳಿಗೆ ಯಾರು ಹೇಳಿಕೆ ಮಾಡುತ್ತಾರೆ? ನನ್ನ ಮದುವೆಗೂ ನಾನು ಅವಳನ್ನು ಕರೆದಿರಲಿಲ್ಲ. ಅವಳು ಹಿಂದಿನ ದಿನದಿಂದಲೇ ಕಾಯಿ ತುರಿಯುತ್ತಿದ್ದಳು.

ನಾಲ್ಕು ಕವರು ಉಳಿದಿದ್ದವು. ಅವಳ ಹೆಸರನ್ನು ಅವಳ ಕೈಯಲ್ಲೇ ಬರೆಸುವಂತಿರಲಿಲ್ಲ. ಮೇಜಿನ ಮುಂದೆ ನಾನೇ ಕೂತೆ. ಹೆಸರಿನ ಹಿಂದೆ ಏನು ಹಾಕುವುದು? ಕುಮಾರಿಯೆಂದರೆ ನಗುತ್ತಾಳೆ, ಶ್ರೀಮತಿಯೆಂದರೆ ಸುಳ್ಳು. ಅದರಲ್ಲೇ ಮೊದಲ ಕವರು ಹೋಯಿತು. ಎರಡನೆಯದು ಗುಡ್ಡೆ ಹತ್ತಿತು. ಮೂರನೆಯದಕ್ಕೆ ಅಂಗೈ ಬಿತ್ತು. ನಾಲ್ಕನೆಯದರಲ್ಲಿ ಉಸಿರು ಹಿಡಿದು 'ಗಿರಿಜತ್ತೆಗೆ' ಎಂದು ಬರೆದೆ. ಕೈ ತನ್ನಷ್ಟಕ್ಕೆ ಕೆಳಗೆ ಇಳಿದು 'ಮತ್ತು ಮನೆಯವರಿಗೆ' ಎಂದೂ ಬರೆದುಬಿಟ್ಟಿತು. ಬರೆದ ಮೇಲೆ ನಾಲಗೆ ಕಚ್ಚಿಕೊಂಡೆ. ಬೇರೆ ಕವರು ಇರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ನಾನು, ವಾರಿಜ, ಚೈತ್ರ ಹಿತ್ತಲಿನಿಂದ ಸುತ್ತಿ ನಮ್ಮದೇ ಗೇಟಿಗೆ ಬಂದೆವು. ಚೈತ್ರಳ ಕೈಯಲ್ಲಿ ಕುಂಕುಮ.

"ಹ್ವಾಯ್, ಒಳ್ಗ್ ಯಾರಿದ್ರಿ?" ಎಂದು ಕೂಗಿದೆ.

ಸಣ್ಣತ್ತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಎಂತದಾ ನಿಮ್ದ್? ತಲಿ ಸಮ ಇತ್ತಾ?" ಎಂದವಳು ಕುಂಕುಮದ ಭರಣಿ ನೋಡಿ ಸೆರಗು ಸರಿಮಾಡಿಕೊಂಡಳು. ಚೈತ್ರ ಅವಳ ಹಣೆಗೆ ಕುಂಕುಮವಿಟ್ಟಳು. ನಾನು ಎರಡೂ ಕೈಯಲ್ಲಿ ಕವರು ಕೊಟ್ಟೆ.

ಕನ್ನಡಕ ಸರಿಮಾಡಿಕೊಂಡು, ಎಲ್ಲ ಮನೆಯ ಹಿರಿಯರ ಹಾಗೆ, ಅವಳೂ ಅದನ್ನು ದೂರ ಹಿಡಿದು ಓದಿದಳು. "ಅಕ್ಷರ ಯಾರದ್ದಾ ಇದ್?"

"ನನ್ನದ್ದೇ."

"ಅದೇ ಅಂದೆ." ಮತ್ತೊಮ್ಮೆ ಓದಿದಳು. ಬೆರಳು ಎರಡನೆಯ ಸಾಲಿನ ಮೇಲೆ ಬಂದು ನಿಂತಿತು. ತಪ್ಪು ಮಾಡಿದೆನೆಂದು ನನಗೆ ಅನಿಸಿತು. ಏನಾದರೂ ಹೇಳಬೇಕಲ್ಲ ಎಂದು, ಹೇಳಬೇಕಾದ ಮಾತನ್ನೇ ಹೇಳಿದೆ: "ಮನಿಯವ್ರೆಲ್ಲ ಬರ್ಕ್."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ವಾರಿಜಳನ್ನು, ಆಮೇಲೆ ಚೈತ್ರಳನ್ನು. ಊಟಕ್ಕೆ ಎಷ್ಟು ಎಲೆ ಹಾಕಬೇಕೆಂದು ನೋಡುವಾಗ ನೋಡುವುದು ಹೀಗೆಯೇ.

"ಕೂಕಣಿ" ಎಂದು ನನಗೆ ಕುರ್ಚಿ ತೋರಿಸಿದಳು. ನನಗೆ ಅವಳು ಬಹುವಚನ ಹಚ್ಚಿದ್ದು ಜೀವಮಾನದಲ್ಲಿ ಅದೇ ಮೊದಲು. ಒಳಗೆ ಹೋಗಿ ಮೂರು ಲೋಟ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ನಾವು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿಯುವ ತನಕ ನಿಂತೇ ಇದ್ದಳು. ಆಮೇಲೆ ಕವರನ್ನು ಎದೆಗೆ ಹಿಡಿದುಕೊಂಡು ಹೇಳಿದಳು:

"ಅಕ್ಕ್. ನಮ್ಮನಿಯವ್ರೆಲ್ಲ ಬತ್ತೊ."